ಹೆಂಗಸರು ಸುಮ್ಮನಿರಬೇಕಂತೆ

ಹೋದ ವರ್ಷ ನಮ್ಮ ಸಭೆಗೆ ದೇವಶಾಸ್ತ್ರ ಓದಿ ಮುಗಿಸಿದ ಹುಡುಗಿಯೊಬ್ಬಳು ಪ್ರಸಂಗ ಮಾಡಲು ಬಂದಿದ್ದಳು. ಹತ್ತಿ ಸೀರೆ, ಕೈಯಲ್ಲಿ ಬರೆದಿಟ್ಟುಕೊಂಡ ನಾಲ್ಕು ಹಾಳೆ. ಆರಾಧನೆ ಶುರುವಾಗುವ ಮೊದಲೇ ಹಿರಿಯರೊಬ್ಬರು ಸತ್ಯವೇದ ತೆರೆದು, ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 14ನೆಯ ಅಧ್ಯಾಯ ತೋರಿಸಿದರು. ಹೆಂಗಸರು ಸಭೆಯಲ್ಲಿ ಸುಮ್ಮನಿರಬೇಕೆಂದು ಪೌಲನೇ ಬರೆದಿದ್ದಾನೆ, ಅಕ್ಷರ ಅಕ್ಷರವೂ ದೇವರ ಮಾತು, ಇನ್ನು ಚರ್ಚೆ ಯಾಕೆ ಅಂದರು. ಹುಡುಗಿ ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ. ನಾವು ಹೆಂಗಸರು ಅವತ್ತು ಕೀರ್ತನೆ ಹಾಡಿದೆವು, ಕಾಣಿಕೆ ಎತ್ತಿದೆವು, ಊಟ ಬಡಿಸಿದೆವು. ನಾನೂ ಬಡಿಸಿದೆ. ಆ ನಾಚಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಮನೆಗೆ ಬಂದು ಆ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಪೌಲ ಅಲ್ಲಿ ಮೂರು ಬಗೆಯವರಿಗೆ ಸುಮ್ಮನಿರಲು ಹೇಳುತ್ತಾನೆ. ಅರ್ಥ ಹೇಳುವವರು ಇಲ್ಲದಿದ್ದರೆ ಅನ್ಯಭಾಷೆ ಆಡುವವನು ಸುಮ್ಮನಿರಲಿ, ಪಕ್ಕದವನಿಗೆ ದೇವರ ಪ್ರಕಟನೆಯಾದರೆ ಮಾತಾಡುತ್ತಿರುವ ಪ್ರವಾದಿ ಸುಮ್ಮನಾಗಲಿ, ಹೆಂಗಸರೂ ಸುಮ್ಮನಿರಲಿ. ಗ್ರೀಕ್ ಮೂಲದಲ್ಲಿ ಮೂರು ಕಡೆಯೂ ಒಂದೇ ಕ್ರಿಯಾಪದ. ಎಲ್ಲರೂ ಒಟ್ಟೊಟ್ಟಿಗೆ ಮಾತಾಡಿ ಗದ್ದಲವೆಬ್ಬಿಸುತ್ತಿದ್ದ ಒಂದೂರಿನ ಸಭೆಗೆ ಬರೆದ ಕಾಗದ ಅದು. ಮೊದಲ ಎರಡು ಆಜ್ಞೆಗಳು ನಮ್ಮವರಿಗೆ ಮರೆತೇಹೋಗಿವೆ. ಮೂರನೆಯದು ಮಾತ್ರ ಬಾಯಿಪಾಠ. ಅದೇ ಪತ್ರಿಕೆಯ 11ನೆಯ ಅಧ್ಯಾಯದಲ್ಲಿ, ಹೆಂಗಸರು ಪ್ರಾರ್ಥಿಸುವಾಗ, ಪ್ರವಾದಿಸುವಾಗ ತಲೆಯ ಮೇಲೆ ಮುಸುಕಿರಲಿ ಎಂದಿದ್ದಾನೆ. ಬಾಯಿ ತೆರೆಯದೆ ಪ್ರವಾದಿಸುವುದು ಹೇಗೋ, ಹಿರಿಯರೇ ಹೇಳಬೇಕು.

ಅಕ್ಷರಶಃ ಎನ್ನುವವರು ಯಾರೂ ಎಲ್ಲ ಅಕ್ಷರವನ್ನೂ ಹಿಡಿದಿಲ್ಲ. ತನ್ನವರಿಂದ ಬಡ್ಡಿ ತೆಗೆದುಕೊಳ್ಳಬಾರದೆಂದು ಧರ್ಮೋಪದೇಶಕಾಂಡದಲ್ಲಿದೆ. ಸಭೆಯವರಿಗೇ ಬಡ್ಡಿಗೆ ಸಾಲ ಕೊಡುವವರು ನಮ್ಮಲ್ಲಿ ಮುಂದಿನ ಬೆಂಚಿನಲ್ಲಿ ಕೂರುತ್ತಾರೆ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆ ಹೆಂಗಸರಿಗೆ ಚಿನ್ನ ಬೇಡ ಅನ್ನುತ್ತದೆ. ಮದುವೆ ಮಾತುಕತೆಯಲ್ಲಿ ಎಷ್ಟು ಪವನು ಹಾಕುತ್ತೀರಿ ಎಂದು ಕೇಳುವಾಗ ಆ ವಾಕ್ಯ ಯಾರ ನೆನಪಿಗೂ ಬರುವುದಿಲ್ಲ. ದಾಸರು ಯಜಮಾನರ ಮಾತು ಕೇಳಬೇಕೆಂಬ ವಾಕ್ಯ ಹಿಡಿದು ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದ ಬೋಧಕರಿದ್ದರು. ಅವರನ್ನು ವಿರೋಧಿಸಿದವರೂ ಸತ್ಯವೇದವನ್ನೇ ಹಿಡಿದು ನಿಂತರು. ಯಾರು, ಯಾರಿಗೆ, ಯಾವ ಜಗಳದ ನಡುವೆ ಬರೆದರು ಎಂದು ಕೇಳಿಕೊಂಡು ಓದಿದರೆ ಅದು ಅವಿಶ್ವಾಸವೇ? ಅಜ್ಜಿಯ ಹಳೇ ಕಾಗದ ಸಿಕ್ಕಿದರೂ ನಾವು ತಾರೀಕು ನೋಡಿಯೇ ಓದುತ್ತೇವಲ್ಲ!

ದಕ್ಷಿಣ ಭಾರತ ಸಭೆ 2013ರಲ್ಲಿ ಇ. ಪುಷ್ಪಲಲಿತಾ ಅವರನ್ನು ನಂದ್ಯಾಲದ ಬಿಷಪ್ಪರನ್ನಾಗಿ ಮಾಡಿತು. ಇದನ್ನು ಹೇಳಿದರೆ ಹಿರಿಯರು, ಅದೆಲ್ಲ ಈ ಕಾಲದ ಗಾಳಿ ಅಂದರು. ಈ ಕಾಲದ್ದೇ? ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಫೊಯಿಬೆ ಎಂಬ ಹೆಂಗಸನ್ನು ಪರಿಚಯಿಸುವಾಗ ಪೌಲ ಬಳಸಿದ 'ದಿಯಾಕೊನೊಸ್' ಎಂಬ ಪದವನ್ನೇ ಬೇರೆ ಕಡೆ ತನಗೂ ಬಳಸಿಕೊಂಡಿದ್ದಾನೆ. ಅಲ್ಲೇ ಬರುವ ಯೂನ್ಯಳನ್ನು ಅಪೊಸ್ತಲರ ಸಾಲಿನವಳೆಂದು 4ನೆಯ ಶತಮಾನದ ಕೊನೆಗೇ ಕ್ರಿಸೊಸ್ತೋಮ ಹೊಗಳಿದ್ದ. ಆಮೇಲಿನ ಕೆಲವು ಭಾಷಾಂತರಕಾರರು ಅದನ್ನು ನುಂಗಲಾರದೆ ಅವಳ ಹೆಸರಿಗೆ ಒಂದಕ್ಷರ ಸೇರಿಸಿ ಗಂಡಸು ಮಾಡಿಬಿಟ್ಟರು. ಅಕ್ಷರಕ್ಕೆ ಕೈ ಹಾಕಿದವರು ಯಾರು ಹಾಗಾದರೆ?

ಬರುವ ಭಾನುವಾರ ವೇದಪಾಠ ಓದುವ ಸರದಿ ನನ್ನದು. ರೋಮಾಪುರ ಪತ್ರಿಕೆಯ 16ನೆಯ ಅಧ್ಯಾಯ ಎಂದು ಚೀಟಿ ಬರೆದುಕೊಟ್ಟೆ. "ಅದರಲ್ಲೇನಿದೆಯಮ್ಮ, ಬರೀ ಹೆಸರುಗಳು" ಅಂದರು ಹಿರಿಯರು.

ಹೌದು, ಅವನ್ನೇ ಓದುತ್ತೇನೆ ಅಂದೆ.