ಬಂದೂಕಿನ ಪರವಾನಿಗೆ: ಇಲ್ಲವೆಂದಾದರೂ ಹೇಳಿರಿ

ಪ್ರಜೆಯು ಕಾಯದೆಗನುಸಾರವಾಗಿ ಬರೆದು ಕೊಟ್ಟ ಅರ್ಜಿಗೆ ಸರಕಾರವು ಎರಡೇ ಬಗೆಯ ಉತ್ತರವನ್ನು ಕೊಡಬಲ್ಲದು. ಹೌದೆನ್ನಬಹುದು, ಇಲ್ಲವೆ ಅಲ್ಲವೆನ್ನಬಹುದು. ಆದರೆ ಇವೆರಡೂ ಅಲ್ಲದ ಮೂರನೆಯದೊಂದು ಉತ್ತರವನ್ನು ನಮ್ಮ ಕಚೇರಿಗಳು ಬಹುಕಾಲದಿಂದ ಅಭ್ಯಾಸ ಮಾಡಿಕೊಂಡಿವೆ. ಅದೇ ಮೌನ. ಹಿಂದೆ ನಮ್ಮ ಹಳ್ಳಿಗರು ಮಾರಿಯನ್ನು ಹೊಸ್ತಿಲಿನಿಂದಲೇ ಹಿಂದಟ್ಟುವುದಕ್ಕಾಗಿ ಕದದ ಮೇಲೆ "ನಾಳೆ ಬಾ" ಎಂದು ಬರೆದಿಡುತ್ತಿದ್ದರು. ಇಂದಿನ ಅಧಿಕಾರಿವರ್ಗವು ಪ್ರಜೆಯನ್ನೇ ಮಾರಿಯೆಂದೆಣಿಸಿ ಆ ಬರಹವನ್ನು ತನ್ನ ಬಾಗಿಲಿಗೆ ತಗುಲಿಸಿಕೊಂಡಂತೆ ತೋರುತ್ತದೆ. ಈ ಮೌನದ ಬಾಧೆಯು ಅನೇಕ ಇಲಾಖೆಗಳಲ್ಲಿ ಉಂಟಾದರೂ ಬಂದೂಕಿನ ಪರವಾನಿಗೆಯ ವಿಷಯದಲ್ಲಿ ಅದು ವಿಶೇಷವಾಗಿ ವಿಚಾರಾರ್ಹವಾಗಿದೆ. ಏಕೆಂದರೆ ಇಲ್ಲಿ ಕಾಯುತ್ತಿರುವವನು ತನ್ನ ಬೆಳೆಗೋ ತನ್ನ ಪ್ರಾಣಕ್ಕೋ ರಕ್ಷಣೆಯನ್ನು ಬೇಡುತ್ತಿರುತ್ತಾನೆ.

ಶಸ್ತ್ರದ ಪ್ರಶ್ನೆಯು ಕನ್ನಡಿಗರಿಗೆ ಹೊಸದಲ್ಲ. 1857ನೆಯ ಇಸವಿಯಲ್ಲಿ ಆಂಗ್ಲ ಸರಕಾರವು ಹತ್ಯಾರಗಳನ್ನು ಒಪ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದಕ್ಕೆ ತಲೆಬಾಗಲಿಲ್ಲ. ಬೇಟೆಯಿಂದ ಬದುಕುವವನ ಕೈಯ ಆಯುಧವನ್ನು ಕಸಿದರೆ ಅವನ ಅನ್ನವನ್ನೇ ಕಸಿದಂತೆ ಎಂದು ಅವರು ಬಗೆದರು. ಸರಕಾರದ ದಂಡು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿತು. ಹನುಮ, ಬಾಲ, ಜಡಗ, ರಾಮ ಎಂಬ ಹೆಸರುಗಳು ಲಾವಣಿಯ ಮೂಲಕ ಇಂದಿಗೂ ನಾಡಿನ ನಾಲಗೆಯ ಮೇಲಿವೆ. ಅನಂತರ 1878ರಲ್ಲಿ ಲಿಟನ್ ಪ್ರಭುವಿನ ಆಡಳಿತದಲ್ಲಿ ಶಸ್ತ್ರಾಸ್ತ್ರಗಳ ಕಾಯದೆಯು ಬಂದಿತು. ಅದೇ ವರ್ಷ ಅದೇ ಪ್ರಭುವು ದೇಶಭಾಷಾ ಪತ್ರಿಕೆಗಳ ಬಾಯಿ ಕಟ್ಟುವ ಕಾಯದೆಯನ್ನೂ ತಂದನೆಂಬುದನ್ನು ಪತ್ರಿಕಾವ್ಯವಸಾಯದವರಾದ ನಾವು ಮರೆಯಲಾರೆವು. ಪತ್ರಿಕೆಗಳ ಕಾಯದೆಯು ಕೆಲವೇ ವರ್ಷಗಳಲ್ಲಿ ರಿಪನ್ ಪ್ರಭುವಿನ ಕಾಲಕ್ಕೆ ರದ್ದಾಯಿತು. ಶಸ್ತ್ರಗಳ ಕಾಯದೆಯಾದರೋ ಸ್ವರಾಜ್ಯ ಬಂದ ಮೇಲೂ ಬಹುವರ್ಷ ಉಳಿದಿತ್ತು. ಯುರೋಪಿಯನ್ನರಿಗೆ ಒಂದು ನ್ಯಾಯ, ದೇಶೀಯರಿಗೆ ಇನ್ನೊಂದು ನ್ಯಾಯವೆಂಬುದೇ ಅದರ ನಡವಳಿಯಾಗಿದ್ದುದರಿಂದ ನಮ್ಮ ಹಿರಿಯರು ಅದನ್ನು ರಾಷ್ಟ್ರಕ್ಕಾದ ಅವಮಾನವೆಂದೇ ಎಣಿಸಿದರು.

ಈ ಅವಮಾನದ ನೆನಪಿನಿಂದಲೇ 1931ರ ಕರಾಚಿ ಕಾಂಗ್ರೆಸ್ಸು ಮೂಲಭೂತ ಹಕ್ಕುಗಳ ತನ್ನ ನಿರ್ಣಯದಲ್ಲಿ ನಿಯಮಗಳಿಗೊಳಪಟ್ಟು ಆಯುಧವನ್ನು ಹೊಂದುವ ಹಕ್ಕನ್ನೂ ಸೇರಿಸಿತು. 1948ರ ಡಿಸೆಂಬರಿನಲ್ಲಿ ಘಟನಾಸಭೆಯು ಹಕ್ಕುಗಳನ್ನು ಚರ್ಚಿಸುತ್ತಿದ್ದಾಗ, ನಮ್ಮ ಮಂಗಳೂರಿನಲ್ಲಿ ಜನಿಸಿದ ಶ್ರೀ ಹರಿ ವಿಷ್ಣು ಕಾಮತರು ಆ ನಿರ್ಣಯವನ್ನು ನೆನಪಿಸಿ ಅದನ್ನು ಸಂವಿಧಾನದಲ್ಲಿ ಸೇರಿಸಬೇಕೆಂದು ತಿದ್ದುಪಡಿ ತಂದರು. ಡಾ. ಅಂಬೇಡಕರರು ಅದನ್ನೊಪ್ಪಲಿಲ್ಲ. ಯಾರ ಕೈಯಲ್ಲಿ ಆಯುಧವಿರಬೇಕೆಂಬುದನ್ನು ನಿಯಂತ್ರಿಸುವ ಅಧಿಕಾರವು ರಾಜ್ಯಕ್ಕಿರುವುದು ಅವಶ್ಯವೆಂಬುದು ಅವರ ಪಕ್ಷವಾಗಿತ್ತು. ಅಂಬೇಡಕರರ ಮಾತಿನಲ್ಲಿ ವಿವೇಕವಿದ್ದಿತೆಂದು ನಾವು ಒಪ್ಪುತ್ತೇವೆ. ಮನೆಮನೆಗೆ ಪಿಸ್ತೂಲು ಬರಲೆಂದು ಹಾರೈಸುವವರಲ್ಲ ನಾವು. ಆದರೆ ರಾಜ್ಯವು ನಿಯಂತ್ರಣದ ಅಧಿಕಾರವನ್ನು ತನ್ನಲ್ಲಿಟ್ಟುಕೊಂಡ ಮೇಲೆ ಅದನ್ನು ಚಲಾಯಿಸುವ ಹೊಣೆಯನ್ನೂ ಹೊರಬೇಕಲ್ಲವೇ? ಅರ್ಜಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವುದು ನಿಯಂತ್ರಣವೆನಿಸಲಾರದು.

ಈಗಿರುವ ಕಾಯದೆಯು 1959ರದು. 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದುದು. ವಾಚಕರು ಅದನ್ನು ಓದಿ ನೋಡಿದರೆ ಅದು ಲಿಟನ್ನನ ಕಾಯದೆಯ ಮನೋಧರ್ಮದ್ದಲ್ಲವೆಂದು ಕಂಡುಕೊಳ್ಳುವರು. ಅರ್ಜಿದಾರನಿಗೆ ಸಾಕಷ್ಟು ಆಸ್ತಿಯಿಲ್ಲವೆಂಬ ಒಂದೇ ಕಾರಣದಿಂದ ಪರವಾನಿಗೆಯನ್ನು ನಿರಾಕರಿಸಕೂಡದೆಂದು ಅದು ಹೇಳುತ್ತದೆ. ಅಂದರೆ ಗೇಣಿಯ ರೈತನೂ ಜಮೀನುದಾರನೂ ಅದರ ಕಣ್ಣಿಗೆ ಸಮಾನರು. ಅದರ 13ನೆಯ ಕಲಮು ಇನ್ನೂ ಮುಂದೆ ಹೋಗಿ, ನಿಜವಾದ ಬೆಳೆರಕ್ಷಣೆಗಾಗಿ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು ಕೇಳಿದವನಿಗೆ ಪರವಾನಿಗೆಯನ್ನು ಕೊಡತಕ್ಕದ್ದೆಂದು ವಿಧಿಸಿದೆ; ಆ ಕೋವಿ ಸಾಲದೆಂದು ಕಂಡುಬಂದರೆ ಬೇರೆ ಕೋವಿಗೂ ಕೊಡಬಹುದೆಂದಿದೆ. ಪಿಸ್ತೂಲು, ರಿವಾಲ್ವರುಗಳಿಗೆ ಮಾತ್ರ ತಕ್ಕ ಕಾರಣವನ್ನು ತೋರಿಸಬೇಕು. ಅರ್ಜಿದಾರನ ಸ್ವಭಾವ, ಅವನ ಮನಸ್ಸಿನ ಸ್ವಾಸ್ಥ್ಯ, ಊರಿನ ಶಾಂತಿ ಇವುಗಳನ್ನು ನೋಡಿ ನಿರಾಕರಿಸುವ ಅಧಿಕಾರವೂ ಜಿಲ್ಲಾಧಿಕಾರಿಗಿದೆ. ಹಾಗೆ ನಿರಾಕರಿಸಿದರೆ ಕಾರಣವನ್ನು ಬರೆದಿಡಬೇಕು. ನಿರಾಕೃತನು 30 ದಿನಗಳೊಳಗಾಗಿ ಮೇಲಿನ ಅಧಿಕಾರಿಗೆ ಅಪೀಲು ಮಾಡಿಕೊಳ್ಳಬಹುದು.

ಕಾಲದ ಮಿತಿಯನ್ನೂ ಶಾಸನವು ಮರೆತಿಲ್ಲ. 2016ರ ನಿಯಮಗಳ ಪ್ರಕಾರ ಠಾಣೆಯ ಅಧಿಕಾರಿಯು 30 ದಿನಗಳಲ್ಲಿ ತನ್ನ ವರದಿಯನ್ನು ಕೊಡಬೇಕು. ವರದಿ ಕೈಸೇರಿದ 60 ದಿನಗಳಲ್ಲಿ ಪರವಾನಿಗೆಯ ಅಧಿಕಾರಿಯು ಹೌದೆಂದೋ ಅಲ್ಲವೆಂದೋ ಆಜ್ಞೆ ಮಾಡಬೇಕು. ಠಾಣೆಯಿಂದ ವರದಿಯೇ ಬಾರದಿದ್ದಲ್ಲಿ ಅದಕ್ಕಾಗಿ ಇನ್ನು ಕಾಯದೆ ಆಜ್ಞೆ ಮಾಡುವ ಅಧಿಕಾರವನ್ನೂ ಕಾಯದೆಯು ಕೊಟ್ಟಿದೆ. ಹೀಗೆ ನೋಡಿದರೆ ಒಟ್ಟು ಮೂರು ತಿಂಗಳ ಮಾತು. ಆಷಾಢದಲ್ಲಿ ನಾಟಿ ಮಾಡಿದ ರೈತನು ಅಂದೇ ಅರ್ಜಿ ಕೊಟ್ಟರೆ ಭತ್ತವು ತೆನೆ ಬಿಡುವ ಹೊತ್ತಿಗೆ ಅವನಿಗೆ ಉತ್ತರ ಸಿಕ್ಕಬೇಕು. ಶಾಸನವನ್ನು ಬರೆದವರು ಬೇಸಾಯದ ಪಂಚಾಂಗವನ್ನು ನೋಡಿಯೇ ಬರೆದರೋ ಎಂಬಷ್ಟು ಈ ಲೆಕ್ಕವು ಹೊಂದಿಕೊಳ್ಳುತ್ತದೆ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡಲೊಲ್ಲನೆಂಬ ಗಾದೆಯು ಇಲ್ಲಿ ಸತ್ಯವಾಗುತ್ತದೆ. ಅರ್ಜಿಯು ಜಿಲ್ಲಾ ಕಚೇರಿಯಿಂದ ಠಾಣೆಗೆ ಇಳಿದು, ಠಾಣೆಯಿಂದ ಮೇಲಧಿಕಾರಿಗಳ ಮೇಜುಗಳನ್ನು ಹತ್ತಿ, ಒಂದು ಕಾಗದ ಕಡಿಮೆಯೆಂದು ಮರಳಿ ಕೆಳಗಿಳಿದು, ಅಧಿಕಾರಿಯ ವರ್ಗಾವಣೆಯೊಡನೆ ಮೊದಲಿನಿಂದ ಆರಂಭವಾಗುವುದೆಂಬುದು ಕಚೇರಿಯ ಮೆಟ್ಟಿಲು ಹತ್ತಿದವರಿಗೆಲ್ಲ ತಿಳಿದ ಸಂಗತಿ. ತರಬೇತಿಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರಗಳು ಬೇಕೆಂದಿರುವುದನ್ನು ನಾವು ದೂರುವುದಿಲ್ಲ, ಅವು ಇರತಕ್ಕವೇ. ನಾವು ದೂರುವುದು, ಇವೆಲ್ಲವನ್ನೂ ತಂದೊಪ್ಪಿಸಿದವನು ಯಾವ ದಿನ ಉತ್ತರ ದೊರೆಯುವುದೆಂದು ಕೇಳಿದರೆ ಯಾರೂ ಹೇಳದಿರುವುದನ್ನು.

ಇಲ್ಲಿಯೇ ಈ ಪ್ರಶ್ನೆಯ ಮರ್ಮವಿದೆ. ಅಪೀಲು ಇರುವುದು ಆಜ್ಞೆಯ ಮೇಲೆ. ಆಜ್ಞೆಯೇ ಆಗದಿದ್ದರೆ ಯಾವುದರ ಮೇಲೆ ಅಪೀಲು? ಕಾರಣವನ್ನು ಬರೆಯಬೇಕಾದುದು ನಿರಾಕರಿಸಿದಾಗ. ನಿರಾಕರಿಸದೆಯೇ ಸುಮ್ಮನಿದ್ದರೆ ಯಾವ ಕಾರಣ? ಆದುದರಿಂದ ವಿಳಂಬವು ಕೇವಲ ಆಲಸ್ಯವಲ್ಲ. ಕಾರಣ ಹೇಳದೆ, ಸಹಿ ಹಾಕದೆ, ಹೊಣೆ ಹೊರದೆ ಮಾಡಿದ ನಿರಾಕರಣೆಯೇ ಆಗುತ್ತದೆ. ಅದರ ವಿರುದ್ಧ ಉಚ್ಚ ನ್ಯಾಯಾಲಯದಲ್ಲಿ ರಿಟ್ ಅರ್ಜಿ ಹಾಕಬಹುದೆಂದು ವಕೀಲರು ಹೇಳುವರು, ಅದು ನಿಜವೇ. ಬೆಂಗಳೂರಿನ ಜೊತೆಗೆ ಧಾರವಾಡ, ಕಲಬುರಗಿಗಳಲ್ಲಿ ಪೀಠಗಳಾಗಿರುವುದರಿಂದ ದಾರಿಯ ವೆಚ್ಚವು ಸ್ವಲ್ಪ ಇಳಿದಿರುವುದೂ ನಿಜವೇ. ಆದರೆ ಎರಡು ಎಕರೆ ಗದ್ದೆಯವನು ಹಂದಿಯೊಡನೆ ಹೋರಾಡಲು ಹೊರಟು ಸರಕಾರದೊಡನೆ ವ್ಯಾಜ್ಯ ಹೂಡಬೇಕೆಂದರೆ, ಹಂದಿಯೇ ಲೇಸೆಂದು ಮನೆಗೆ ಮರಳುವನು.

ಹಣ್ಣಾದ ಗದ್ದೆಗೆ ಕಾಡುಹಂದಿಯ ಹಿಂಡು ಒಂದು ರಾತ್ರಿ ನುಗ್ಗಿದರೆ ಏನುಳಿಯುವುದೆಂಬುದನ್ನು ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು, ದಕ್ಷಿಣ ಕನ್ನಡ ಜಿಲ್ಲೆಗಳ ನಮ್ಮ ವಾಚಕರಿಗೆ ನಾವು ವರ್ಣಿಸಬೇಕಾಗಿಲ್ಲ. ಅಡಕೆಯ ತೋಟದಲ್ಲಿ ಮಂಗಗಳು, ಗದ್ದೆಯಲ್ಲಿ ಹಂದಿಗಳು, ಕೆಲವೆಡೆ ಆನೆಗಳು. ಇವುಗಳ ನಡುವೆ ಮಾಳದ ಮೇಲೆ ಕುಳಿತು ಡಬ್ಬಿ ಬಾರಿಸುತ್ತ ಇರುಳು ಕಳೆಯುವ ರೈತನು ಕೋವಿಯನ್ನು ಕೇಳುವುದು ಬಹುಮಟ್ಟಿಗೆ ಅದರ ಸದ್ದಿಗಾಗಿ. ಕೊಲ್ಲುವ ಮಾತು ಬಂದಾಗ 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯು ಬೇರೆಯೇ ಅನುಮತಿಯನ್ನು ಕೇಳುತ್ತದೆ, ಅದು ಇರಬೇಕಾದುದೇ. ಆದರೆ ಸುಗ್ಗಿ ಮುಗಿದ ಮೇಲೆ ಕೈಸೇರುವ ಪರವಾನಿಗೆಯಿಂದ ಏನು ಪ್ರಯೋಜನ? ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದ ಕಥೆಯೇ ಸರಿ. ಪೇಟೆಯಲ್ಲಿ ಪ್ರಾಣಬೆದರಿಕೆಗೆ ಗುರಿಯಾಗಿ ಪಿಸ್ತೂಲಿಗೆ ಅರ್ಜಿ ಹಾಕಿದವನ ಸ್ಥಿತಿಯೂ ಇದೇ. ಅವನ ಭಯವು ನಿಜವಲ್ಲವೆಂದು ತೋರಿದರೆ ಅಂದೇ ಅಲ್ಲವೆನ್ನಲಿ. ನಿಜವೆಂದು ತೋರಿದರೆ, ಅದು ನಿಜವೆಂದು ತಿಳಿದೂ ತಿಂಗಳುಗಟ್ಟಲೆ ಕಾಯಿಸುವುದನ್ನು ಏನೆಂದು ಕರೆಯೋಣ?

ಇನ್ನು ನಮ್ಮ ನಾಡಿನೊಳಗಿನ ವಿಚಿತ್ರವೊಂದನ್ನು ಗಮನಿಸಿರಿ. 1861ರಲ್ಲಿ ಕಮಿಶನರ್ ಮಾರ್ಕ್ ಕಬ್ಬನ್ ಕೊಡವರಿಗೆ ನಿಶ್ಶಸ್ತ್ರೀಕರಣದ ಕಾಯದೆಯಿಂದ ವಿನಾಯಿತಿ ಕೊಟ್ಟನು. ಸ್ವತಂತ್ರ ಭಾರತದ ಸರಕಾರವು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ಮುಂದುವರಿಸಿ, 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಎಂದರೆ 2029ರ ಅಕ್ಟೋಬರಿನವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಲ್ಲಿ ತೋಕನ್ನು ಪೂಜಿಸಿ, ಹುಟ್ಟಿಗೂ ಸಾವಿಗೂ ಗುಂಡಿನ ಸದ್ದಿನಿಂದಲೇ ಊರಿಗೆ ಸುದ್ದಿ ಮುಟ್ಟಿಸುವ ಆ ವೀರಜನಾಂಗದ ಮರ್ಯಾದೆಯನ್ನು ನಾವು ಕಡಿಮೆ ಮಾಡಬಯಸುವುದಿಲ್ಲ. ಅವರ ವಿನಾಯಿತಿ ಅವರಿಗಿರಲಿ. ಆದರೆ ಕೊಡಗಿನ ಗಡಿಯ ಆಚೆಗೆ, ಅದೇ ಕಾಡಿನ ಅಂಚಿನಲ್ಲಿ, ಅದೇ ಹಂದಿಯಿಂದ ಹಾಳಾಗುವ ಗದ್ದೆಯವನು ಪರವಾನಿಗೆಗಾಗಿ ಕೊನೆಯಿಲ್ಲದೆ ಕಾಯುತ್ತ ಕೂಡುವನೆಂಬುದು ಮನಸ್ಸನ್ನು ಕಲಕದಿರದು. ಒಬ್ಬನಿಗೆ ಪರವಾನಿಗೆಯೇ ಬೇಡ, ನೆರೆಯವನಿಗೆ ಉತ್ತರವೇ ಇಲ್ಲ.

ಮುಂಬಯಿ, ಮದ್ರಾಸು ಇಲಾಖೆಗಳು, ಮೈಸೂರು, ಹೈದರಾಬಾದು ಸಂಸ್ಥಾನಗಳು, ಕೊಡಗು, ಸಣ್ಣಪುಟ್ಟ ಜಹಗೀರುಗಳು ಎಂದು ಕನ್ನಡನಾಡು ಹರಿದು ಹಂಚಿಹೋಗಿದ್ದ ಕಾಲದಲ್ಲಿ, ಒಂದೇ ನುಡಿಯ ಜನಕ್ಕೆ ಊರಿಗೊಂದು ನ್ಯಾಯವಿದೆಯೆಂದು ನಾವು ಕೂಗಿಕೊಂಡೆವು. 1956ರ ನವೆಂಬರ್ 1ರಂದು ನಾಡು ಒಂದಾಯಿತು. 1973ರಲ್ಲಿ ಅದಕ್ಕೆ ಕರ್ನಾಟಕವೆಂಬ ಹೆಸರೂ ಬಂದಿತು. ಆದರೆ ಏಕೀಕರಣವೆಂದರೆ ನಕ್ಷೆಯ ಮೇಲಿನ ಗೆರೆಗಳನ್ನು ಅಳಿಸುವುದಷ್ಟೇ ಎಂದು ನಾವು ಎಂದೂ ತಿಳಿದಿರಲಿಲ್ಲ. ಬೀದರದ ಕಚೇರಿಯಲ್ಲಿ ಕೊಟ್ಟ ಅರ್ಜಿಗೂ ಕಾರವಾರದ ಕಚೇರಿಯಲ್ಲಿ ಕೊಟ್ಟ ಅರ್ಜಿಗೂ ಒಂದೇ ಅವಧಿಯಲ್ಲಿ ಉತ್ತರ ಬರುವಂತಾದಾಗಲೇ ಆಡಳಿತದ ಏಕೀಕರಣವಾಯಿತೆಂದು ಹೇಳಬಹುದು.

ಪರದೇಶದ ನಿದರ್ಶನವೂ ಇಲ್ಲಿ ಉಪಯುಕ್ತವಾಗಿದೆ. ಆಯುಧಧಾರಣೆಯು ಸಂವಿಧಾನದ ಹಕ್ಕೇ ಆಗಿರುವ ಅಮೇರಿಕೆಯಲ್ಲಿ ಕೂಡ ಹಲವು ಸಂಸ್ಥಾನಗಳು ಬಂದೂಕನ್ನು ಮರೆಯಾಗಿ ಒಯ್ಯುವುದಕ್ಕೆ ಪರವಾನಿಗೆಯನ್ನು ಕೇಳುತ್ತವೆ. ಇಲಿನಾಯ್ ಸಂಸ್ಥಾನದ ಕಾಯದೆಯು ಬೆರಳಚ್ಚುಗಳ ಸಹಿತವಾದ ಅರ್ಜಿಗೆ 90 ದಿನಗಳ ಮಿತಿಯನ್ನು ಹಾಕಿದೆ. ನ್ಯೂಯಾರ್ಕಿನ ಕಾಯದೆಯು ಆರು ತಿಂಗಳದನ್ನು. 2022ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ನ್ಯೂಯಾರ್ಕಿನ ಪದ್ಧತಿಯನ್ನು ರದ್ದುಗೊಳಿಸಿದ ತೀರ್ಪಿನಲ್ಲಿ, ಪರವಾನಿಗೆಯನ್ನು ಕೇಳುವುದು ತಪ್ಪಲ್ಲ, ಆದರೆ ಅತಿಯಾದ ಕಾಯುವಿಕೆಯೂ ಅತಿಯಾದ ಶುಲ್ಕವೂ ಸಾಮಾನ್ಯ ನಾಗರಿಕನ ಹಕ್ಕನ್ನು ಇಲ್ಲವಾಗಿಸಿದರೆ ಅದನ್ನು ಪ್ರಶ್ನಿಸಬಹುದೆಂಬ ಅಭಿಪ್ರಾಯವನ್ನು ಸೂಚಿಸಿತು. ಅಮೇರಿಕೆಯ ಬಂದೂಕುಗಳ ಸಂಖ್ಯೆಯನ್ನಾಗಲಿ ಅಲ್ಲಿಯ ರಕ್ತಪಾತವನ್ನಾಗಲಿ ನಾವು ಅನುಕರಿಸಬೇಕಾಗಿಲ್ಲ. ಅಲ್ಲಿಂದ ಕಲಿಯತಕ್ಕ ತತ್ತ್ವವಿಷ್ಟೇ: ಕಾಯಿಸುವುದೂ ಒಂದು ಬಗೆಯ ನಿರಾಕರಣೆ.

ಬೇಗನೆ ಉತ್ತರ ಕೊಡಬೇಕೆಂದರೆ ಪರೀಕ್ಷೆಯು ಸಡಿಲಾಗಿ ಕೆಟ್ಟವರ ಕೈಗೆ ಕೋವಿ ಬೀಳುವುದೆಂದು ಅಧಿಕಾರಿಗಳು ಹೇಳಬಹುದು. ಈ ಆಕ್ಷೇಪವನ್ನು ನಾವು ಹಗುರವಾಗಿ ತಳ್ಳುವುದಿಲ್ಲ. ಒಂದು ತಪ್ಪು ಪರವಾನಿಗೆಯಿಂದ ಒಂದು ಜೀವ ಹೋಗಬಹುದು. ಆದರೆ ಕಪಾಟಿನಲ್ಲಿ ಮಲಗಿದ ಅರ್ಜಿಯನ್ನು ಯಾರು ಪರೀಕ್ಷಿಸುತ್ತಿದ್ದಾರೆ? ಎಂಟು ತಿಂಗಳು ಬಿದ್ದಿದ್ದ ಕಾಗದವನ್ನು ಕೊನೆಯ ದಿನ ಅವಸರದಿಂದ ಓದುವುದಕ್ಕಿಂತ ಮೊದಲ ತಿಂಗಳಲ್ಲೇ ಠಾಣೆಯವರು ಊರಿಗೆ ಹೋಗಿ ನಾಲ್ಕು ಜನರನ್ನು ವಿಚಾರಿಸುವುದು ಹೆಚ್ಚು ಕ್ಷೇಮಕರ. ವಿಳಂಬವು ದುಷ್ಟನನ್ನು ತಡೆಯುವುದೂ ಇಲ್ಲ. ಅವನು ಪರವಾನಿಗೆಯನ್ನು ಕೇಳದೆ ಕಳ್ಳಕೋವಿಯನ್ನು ಕೊಳ್ಳುತ್ತಾನೆ. ತಡೆಯಲ್ಪಡುವವನು ಕಾಯದೆಗಂಜಿ ಸಾಲಿನಲ್ಲಿ ನಿಂತವನು ಮಾತ್ರ. ಅವನೂ ಬೇಸತ್ತು ಕಳ್ಳಕೋವಿಯ ಕಡೆಗೆ ತಿರುಗಿದರೆ ಆ ಪಾಪದಲ್ಲಿ ಕಚೇರಿಗೂ ಪಾಲುಂಟು.

ಆದುದರಿಂದ ನಾವು ಸರಕಾರವನ್ನು ಕೇಳುವುದಿಷ್ಟು. ಅರ್ಜಿ ಕೊಟ್ಟ ದಿನವೇ ಉತ್ತರದ ಕಡೆಯ ದಿನವನ್ನು ನಮೂದಿಸಿದ ರಸೀದಿಯನ್ನು ಕನ್ನಡದಲ್ಲಿ ಕೊಡಬೇಕು. 30 ದಿನಗಳಲ್ಲಿ ಠಾಣೆಯ ವರದಿ ಬಾರದಿದ್ದರೆ ಅದಕ್ಕಾಗಿ ಕಾಯದೆ ಮುಂದುವರಿಯುವ ಅಧಿಕಾರವನ್ನು ಜಿಲ್ಲಾಧಿಕಾರಿಗಳು ನಿಜವಾಗಿ ಚಲಾಯಿಸಬೇಕು. ಮಿತಿ ಮೀರಿದ ಅರ್ಜಿಗಳೆಷ್ಟು, ಯಾವ ಮೇಜಿನಲ್ಲಿವೆ ಎಂಬುದನ್ನು ಪ್ರತಿ ಜಿಲ್ಲೆಯೂ ತಿಂಗಳಿಗೊಮ್ಮೆ ಪ್ರಕಟಿಸಬೇಕು. ತಡಮಾಡಿದ ದಿನವೊಂದಕ್ಕೆ 20 ರೂಪಾಯಿಯಂತೆ ಪರಿಹಾರವನ್ನು ವಿಧಿಸಿದ 2011ರ ಸಕಾಲ ಕಾಯದೆಯು ನಮ್ಮ ರಾಜ್ಯದ್ದೇ ಸೃಷ್ಟಿ. ಅದರ ತತ್ತ್ವವು ಕೋವಿಯ ಅರ್ಜಿಯ ಬಳಿ ಬಂದು ನಿಂತುಬಿಡಬಾರದು. ಇದಾವುದಕ್ಕೂ ಹೊಸ ಕಾಯದೆ ಬೇಕಾಗಿಲ್ಲ. ಇರುವ ಕಾಯದೆಯನ್ನು ನಡೆಸುವ ಮನಸ್ಸು ಬೇಕು.

ಪರಕೀಯ ಸರಕಾರವು ಹಲಗಲಿಯವರ ಕೈಯ ಆಯುಧವನ್ನು ಬಲಾತ್ಕಾರದಿಂದ ಕಸಿಯಿತು. ಆದರೆ ಕಸಿಯುತ್ತೇನೆಂದು ಹೇಳಿ ಕಸಿಯಿತು. ನಮ್ಮದೇ ಸರಕಾರವು ನಮ್ಮವರಿಗೆ ಅಷ್ಟಾದರೂ ಸ್ಪಷ್ಟವಾದ ಮಾತನ್ನು ಆಡಬೇಕು. ಯೋಗ್ಯನಾದವನಿಗೆ ಕೊಡಿರಿ, ಅಯೋಗ್ಯನಾದವನಿಗೆ ಕಾರಣ ಬರೆದು ನಿರಾಕರಿಸಿರಿ. ಎರಡನ್ನೂ ಕಾಯದೆಯು ಹೇಳಿದ ದಿನದೊಳಗೆ ಮಾಡಿರಿ. ಸ್ವರಾಜ್ಯದ ಪ್ರಜೆಯು ಇಲ್ಲವೆಂಬ ಮಾತನ್ನು ಸಹಿಸಬಲ್ಲನು. ತನ್ನನ್ನು ಲೆಕ್ಕಕ್ಕೇ ಹಿಡಿಯದ ಮೌನವನ್ನು ಅವನು ಸಹಿಸಬೇಕಾಗಿಲ್ಲ.