ಬಾಯಿ ತೊಳೆಯಿರಿ, ಬರಿದು ಮಾಡಬೇಡಿ

ರಮಝಾನ್ ಬಂತೆಂದರೆ ನಮ್ಮ ಮನೆಗಳಲ್ಲಿ ಬಣ್ಣಬಣ್ಣದ ಮೌತ್‌ವಾಶ್ ಬಾಟಲಿಗಳು ಕಾಣಿಸಿಕೊಳ್ಳುತ್ತವೆ. ಸಹ್ರಿಯ ನಂತರ ಒಮ್ಮೆ, ಇಫ್ತಾರ್‌ನ ನಂತರ ಒಮ್ಮೆ. ತಿಂಗಳು ಮುಗಿದರೂ ಕೆಲವರು ಆ ಅಭ್ಯಾಸ ಬಿಡುವುದಿಲ್ಲ. ಕೀಟಾಣುಗಳನ್ನು ಕೊಲ್ಲುವ ಈ ದ್ರವವನ್ನು ವೈದ್ಯರು ಹೇಳದೆ ವರ್ಷವಿಡೀ ಬಳಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲಿ ಬಿಪಿ ಇರುವವರಿದ್ದರಂತೂ ನೀವು ಇದನ್ನು ಯೋಚಿಸಲೇಬೇಕು.

ಕಾರಣ, ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. (ನಗೆ ಅನಿಲ ಬೇರೆ, ಅದು ನೈಟ್ರಸ್ ಆಕ್ಸೈಡ್.) ವಾಹನಗಳ ಹೊಗೆಯಲ್ಲಿರುವ ಇದನ್ನೇ ನಮ್ಮ ರಕ್ತನಾಳಗಳ ಒಳಪದರದ ಜೀವಕೋಶಗಳು ಆರ್ಜಿನೈನ್ ಎಂಬ ಅಮೈನೋ ಆಮ್ಲದಿಂದ ತಯಾರಿಸುತ್ತವೆ. ಕೆಲವೇ ಸೆಕೆಂಡು ಬಾಳುವ ಈ ಅನಿಲ ಪಕ್ಕದ ಸ್ನಾಯುಕೋಶದೊಳಕ್ಕೆ ನುಸುಳಿ, ಬಿಗಿ ಸಡಿಲಿಸಲು ಸೂಚನೆ ಕೊಡುತ್ತದೆ. ನಾಳ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. ಈ ಶೋಧನೆಗಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಸಿಕ್ಕಿತು. ಎದೆನೋವಿಗೆ ನಾಲಿಗೆಯಡಿ ಇಡುವ ಮಾತ್ರೆ ಕೆಲಸ ಮಾಡುವುದೂ ಇದೇ ಅನಿಲದ ಮೂಲಕ.

ದೇಹಕ್ಕೆ ಇದು ಸಿಗುವ ಇನ್ನೊಂದು ದಾರಿ ಬಾಯಿಯಲ್ಲಿದೆ. ಪಾಲಕ್, ಬೀಟ್‌ರೂಟ್‌ಗಳಲ್ಲಿರುವ ನೈಟ್ರೇಟ್ ರಕ್ತಕ್ಕೆ ಸೇರಿ, ಅದರ ಒಂದು ಪಾಲು ಜೊಲ್ಲಿನೊಂದಿಗೆ ಬಾಯಿಗೆ ಮರಳುತ್ತದೆ. ನಾಲಿಗೆಯ ಹಿಂಭಾಗದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಸುತ್ತವೆ. ನುಂಗಿದ ನೈಟ್ರೈಟ್ ಹೊಟ್ಟೆಯಲ್ಲೂ ರಕ್ತದಲ್ಲೂ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್‌ಗೆ ಒಳ್ಳೆಯ ಬ್ಯಾಕ್ಟೀರಿಯಾ, ಕೆಟ್ಟ ಬ್ಯಾಕ್ಟೀರಿಯಾ ಎಂಬ ಭೇದವಿಲ್ಲ. 2013ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ 19 ಮಂದಿ ಆರೋಗ್ಯವಂತರು ಒಂದು ವಾರ ಅದನ್ನು ಬಳಸಿದಾಗ ಅವರ ರಕ್ತದೊತ್ತಡ 2ರಿಂದ 3.5ರಷ್ಟು ಏರಿತು. ಸಣ್ಣ ಅಧ್ಯಯನ, ಸಣ್ಣ ಏರಿಕೆ. ಎಲ್ಲ ಅಧ್ಯಯನಗಳೂ ಇದನ್ನೇ ಹೇಳಿಲ್ಲ. ಆದರೂ ಅಗತ್ಯವೇ ಇಲ್ಲದ ಔಷಧಿಗಾಗಿ ಇಷ್ಟು ಏರಿಕೆಯಾದರೂ ಏಕೆ ಬೇಕು?

ವಸಡಿನ ರೋಗಕ್ಕೋ ಹಲ್ಲು ಕಿತ್ತ ಮೇಲೋ ದಂತವೈದ್ಯರು ಬರೆದುಕೊಟ್ಟರೆ, ಹೇಳಿದಷ್ಟು ದಿನ ಖಂಡಿತ ಬಳಸಿ. ಉಳಿದ ದಿನಗಳಿಗೆ ಬ್ರಶ್, ಮಿಸ್ವಾಕ್, ವುಝೂವಿನ ನೀರು ಸಾಕು. ಮಿಸ್ವಾಕ್‌ನ ಸುನ್ನತ್‌ಗೆ ನೈಟ್ರಿಕ್ ಆಕ್ಸೈಡ್‌ನ ಪ್ರಮಾಣಪತ್ರವೇನೂ ಬೇಕಿಲ್ಲ. ಅಂಥ ವಾಟ್ಸಾಪ್ ಸಂದೇಶ ಬಂದರೆ ದಯವಿಟ್ಟು ಮುಂದೆ ಕಳಿಸಬೇಡಿ. ಬಾಯಿಯ ದುರ್ವಾಸನೆ ಹೋಗದಿದ್ದರೆ ಹಲ್ಲು, ವಸಡು ತೋರಿಸಿಕೊಳ್ಳಿ.

ಇಫ್ತಾರ್ ತಟ್ಟೆಯಲ್ಲಿ ಸಮೋಸದ ಪಕ್ಕ ಸ್ವಲ್ಪ ಬೀಟ್‌ರೂಟ್, ಊಟಕ್ಕೆ ಸೊಪ್ಪು ಇರಲಿ. ಕಿಡ್ನಿ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಬೇಕು. ಬೀಟ್‌ರೂಟನ್ನು ನಂಬಿ ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಉಪವಾಸದ ದಿನಗಳಲ್ಲಿ ಅದನ್ನು ಯಾವ ಹೊತ್ತಿಗೆ ನುಂಗಬೇಕೆಂದು ಶಅಬಾನ್ ತಿಂಗಳಲ್ಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಿ.