ಬೀಜ ಪರೀಕ್ಷಿಸುವವರ ಉಸಿರಿಗೆ ಹೊಣೆ ಯಾರು?

ಬೂಷ್ಟು ಮಲೆನಾಡಿನ ಮಳೆಗಾಲದ ಪೀಡೆ, ಬಿಸಿಲು ಸೀಮೆಗೆ ಅದರ ಭಯವಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಯಾದಗಿರಿ ಜಿಲ್ಲೆಯ ನೆಲ ಈ ನಂಬಿಕೆಗೆ ಪುಷ್ಟಿ ಕೊಡುವುದಿಲ್ಲ. ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಮಳೆ ಕೈಕೊಟ್ಟು ಭೂಮಿ ಕಾದರೆ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಹಳದಿ-ಹಸಿರು ಶಿಲೀಂಧ್ರಕ್ಕೆ ಅದೇ ಸುಗ್ಗಿ. ಇತ್ತ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ ಶಹಾಪುರ, ಸುರಪುರಗಳಲ್ಲಿ ಭತ್ತದ ಬೇಸಾಯ ಹಬ್ಬಿದೆ. ಸರಿಯಾಗಿ ಒಣಗದೆ ಚೀಲ ಸೇರಿದ ಭತ್ತಕ್ಕೂ ಬೂಷ್ಟು ತಪ್ಪಿದ್ದಲ್ಲ.

ಇಂತಹ ಬೀಜಗಳ ಮಾದರಿಗಳೆಲ್ಲ ಕೊನೆಗೆ ಬಂದು ಸೇರುವುದು ಬೀಜ ಪರೀಕ್ಷಾ ಪ್ರಯೋಗಾಲಯವನ್ನು. 400 ಬೀಜಗಳನ್ನು ಒದ್ದೆ ಕಾಗದದಲ್ಲೋ ಮರಳಿನಲ್ಲೋ ಇರಿಸಿ, ತೇವ ಮತ್ತು ಉಷ್ಣತೆಯನ್ನು ಕಾಯ್ದು ಮೊಳಕೆ ಎಣಿಸಲಾಗುತ್ತದೆ. ಅಂತಿಮ ಎಣಿಕೆ ಶೇಂಗಾಕ್ಕೆ 10ನೆಯ ದಿನ, ಭತ್ತಕ್ಕೆ 14ನೆಯ ದಿನ. ಮೊಳಕೆಗೆ ಹಿತವಾದ ಈ ವಾತಾವರಣವೇ ಶಿಲೀಂಧ್ರಕ್ಕೂ ಹಿತ. ಕಾಗದದ ಸುರುಳಿ ಬಿಚ್ಚಿದಾಗ, ತೇವಾಂಶ ಪರೀಕ್ಷೆಗೆ ಬೀಜ ಪುಡಿಮಾಡಿದಾಗ, ಹಳೆಯ ಮಾದರಿಗಳನ್ನು ಸುರಿದಾಗ ಬೀಜಕಣಗಳು ಗಾಳಿಗೇರುತ್ತವೆ. ಕಣ್ಣಿಗೆ ಕಾಣದ ಈ ಕಣಗಳು ಶ್ವಾಸಕೋಶದ ಆಳಕ್ಕಿಳಿಯಬಲ್ಲವು. ಸೀನು, ಉಬ್ಬಸ, ಅಲರ್ಜಿಗಳಿಂದ ಹಿಡಿದು ಶ್ವಾಸಕೋಶದ ಗಂಭೀರ ಉರಿಯೂತದವರೆಗೆ ಇವುಗಳ ಪರಿಣಾಮ ಚಾಚಿದೆ.

ಫ್ಲೇವಸ್ ಉತ್ಪಾದಿಸುವ ಅಫ್ಲಾಟಾಕ್ಸಿನ್ ಇನ್ನೂ ಭೀಕರ. 1960ರಲ್ಲಿ ಇಂಗ್ಲೆಂಡಿನಲ್ಲಿ ವಿಷಪೂರಿತ ಶೇಂಗಾ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತಾಗ ಜಗತ್ತು ಇದನ್ನು ಗುರುತಿಸಿತು. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಜನರು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮಾನವರಲ್ಲಿ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಇದರ ಜೊತೆಗೆ ಥೈರಮ್, ಕ್ಯಾಪ್ಟಾನ್‌ನಂತಹ ಬೀಜೋಪಚಾರದ ಪುಡಿಗಳು ಕಣ್ಣು, ಚರ್ಮಗಳನ್ನು ಕೆರಳಿಸುತ್ತವೆ.

1966ರ ಬೀಜ ಕಾಯ್ದೆಯು ಬೀಜದ ಗುಣಮಟ್ಟದ ರಕ್ಷಣೆಗೆಂದು ರೂಪುಗೊಂಡಿತು. ಭತ್ತದ ಬೀಜಕ್ಕೆ ಶೇಕಡಾ 80, ಶೇಂಗಾಕ್ಕೆ ಶೇಕಡಾ 70 ಮೊಳಕೆ ಇರಲೇಬೇಕೆಂಬ ಮಾನದಂಡಗಳಿವೆ. ಬೀಜಕ್ಕಿರುವ ಈ ಕಟ್ಟುನಿಟ್ಟು ಅದನ್ನು ಎಣಿಸುವ ಕೈಗಳಿಗೂ, ತಟ್ಟೆ ತೊಳೆದು ಕಸ ಹೊರುವ ದಿನಗೂಲಿಯವರಿಗೂ ದೊರೆಯಬೇಡವೇ?

ಪರಿಹಾರ ದುಬಾರಿಯಲ್ಲ. ಪುಡಿಮಾಡುವಲ್ಲಿ ದೂಳು ಹೀರುವ ವ್ಯವಸ್ಥೆ, ಬರಿಯ ಬಟ್ಟೆಯ ಬದಲು ಎನ್-95 ಮುಖಗವಸು, ಕೈಗವಸು, ಮೊಳಕೆ ಪೆಟ್ಟಿಗೆಗಳ ನಿಯತ ಶುದ್ಧೀಕರಣ, ವರ್ಷಕ್ಕೊಮ್ಮೆ ಶ್ವಾಸಕೋಶದ ತಪಾಸಣೆ ಇವಿಷ್ಟೂ ಕಡ್ಡಾಯವಾಗಬೇಕು. ಬೂಷ್ಟು ಹಿಡಿದ ಮಾದರಿಗಳನ್ನು ಉಗಿಯೊತ್ತಡದಲ್ಲಿ ಬೇಯಿಸಿ ನಿರ್ಜೀವಗೊಳಿಸದೆ ತಿಪ್ಪೆಗೆ ಎಸೆಯಬಾರದು. ಔಷಧ ಲೇಪಿಸಿದ ಉಳಿಕೆ ಬೀಜ ದನಕರುಗಳ ಬಾಯಿಗೆ ಹೋಗಕೂಡದು. ರೈತರೂ ಬೀಜವನ್ನು ಚೆನ್ನಾಗಿ ಒಣಗಿಸಿ, ನೆಲದ ತೇವ ತಾಗದಂತೆ ಇರಿಸಿದರೆ ಅಪಾಯದ ಮೂಲವೇ ತಗ್ಗುತ್ತದೆ.

ಸಾವಯವವಾಗಲಿ, ರಾಸಾಯನಿಕವಾಗಲಿ, ಎಲ್ಲ ಬೇಸಾಯದ ಮೊದಲ ಹೆಜ್ಜೆ ಒಳ್ಳೆಯ ಬೀಜ. ಆ ಬೀಜಕ್ಕೆ ಪ್ರಮಾಣಪತ್ರ ನೀಡುವವರು ತಮ್ಮ ಉಸಿರನ್ನೇ ಬೆಲೆಯಾಗಿ ತೆರುವಂತಾಗಬಾರದು.